ಮಕ್ಕಳ ಬ್ಯಾಂಡಿಗೂ ಎರಡು ಸಾಲು ಕೊಡಿ

ಮಾನ್ಯ ಸಂಪಾದಕರೇ,

ಮೊದಲು ಒಂದು ತಪ್ಪೊಪ್ಪಿಗೆ. ನನಗೆ ಹದಿನೈದು ವರ್ಷವಿದ್ದಾಗ ಅಪ್ಪ ಓದಿ ಮುಗಿಸುವ ಮುಂಚೆಯೇ ನಿಮ್ಮ ಪತ್ರಿಕೆಯನ್ನು ಕತ್ತರಿಸುತ್ತಿದ್ದೆ. ತಲೆಬರಹದ ದಪ್ಪ ಅಕ್ಷರಗಳು ಬೇಕಿದ್ದವು. ಒಂದು ಸುದ್ದಿಯಿಂದ ‘ಗ’, ಇನ್ನೊಂದರಿಂದ ‘ದ್ದ’, ಜಾಹೀರಾತಿನಿಂದ ‘ಲ’. ಸೊಟ್ಟಸೊಟ್ಟಗೆ ಅಂಟಿಸಿ ಜೆರಾಕ್ಸ್ ಮಾಡಿಸಿದರೆ ಒಂದು ಬ್ಯಾಂಡಿನ ಪೋಸ್ಟರ್ ರೆಡಿ. ಒಂದು ಭಾನುವಾರ ಅಪ್ಪ ಪತ್ರಿಕೆ ಎತ್ತಿ ಹಿಡಿದು, ಆ ತೂತಿನಿಂದ ನನ್ನನ್ನೇ ನೋಡಿದರು. ತೂತು ಬಿದ್ದಿದ್ದು ಓದುಗರ ಪತ್ರಗಳ ಪುಟಕ್ಕೆ. ಅವತ್ತು ಯಾರ ಪತ್ರ ಹಾಳಾಯಿತೋ, ಅವರಲ್ಲಿ ಈಗ ಕ್ಷಮೆ ಕೇಳುತ್ತೇನೆ.

ಆ ಬ್ಯಾಂಡು ಬಾರಿಸುತ್ತಿದ್ದ ಒರಟು, ಗದ್ದಲದ ಸಂಗೀತಕ್ಕೆ ಪಂಕ್ ಅನ್ನುತ್ತಾರೆ ಅಂತ ಗೊತ್ತಾಗಿದ್ದು ಎಷ್ಟೋ ಆಮೇಲೆ. ಮೊದಲ ಸಲ ಕೇಳಿದಾಗ ಏನೋ ಬಿದ್ದು ಒಡೆಯಿತು ಅಂದುಕೊಂಡೆ. ಪಕ್ಕದ ಬೀದಿಯ ಒಂದು ಶೆಡ್ಡು, ಶಟರ್ ಅರ್ಧ ಇಳಿದಿತ್ತು. ಬಗ್ಗಿ ನೋಡಿದರೆ ನಾಲ್ಕು ಹುಡುಗರು, ನನಗಿಂತ ಎರಡೋ ಮೂರೋ ವರ್ಷ ದೊಡ್ಡವರು. ಗಿಟಾರಿಗೆ ಐದೇ ತಂತಿ. ಡ್ರಮ್ಮಿನ ಸ್ಟ್ಯಾಂಡನ್ನು ಸೈಕಲ್ ಟ್ಯೂಬಿನಿಂದ ಬಿಗಿದಿದ್ದರು. ಒಬ್ಬ ನೋಟ್‌ಬುಕ್ಕಿನ ಕೊನೆಯ ಪುಟ ನೋಡಿಕೊಂಡು ಹಾಡುತ್ತಿದ್ದ. ಹಾಡುತ್ತಿದ್ದ ಅನ್ನೋದು ಮರ್ಯಾದೆಗೆ, ಕಿರುಚುತ್ತಿದ್ದ. ಹಾಡು ಅವನನ್ನು ಟ್ಯೂಷನ್‌ಗೆ ಅಟ್ಟುವ ಅಮ್ಮನ ಮೇಲೆ. ಒಂದೂವರೆ ನಿಮಿಷಕ್ಕೆ ಮುಗಿದೇ ಹೋಯಿತು. ‘ಇನ್ನೊಂದ್ಸಲ’ ಅಂದೆ. ಅದನ್ನೇ ಮತ್ತೆ ಬಾರಿಸಿದರು, ಇನ್ನೂ ಜೋರಾಗಿ.

ಅವರಿಗೆ ಬಾರಿಸಲು ಅಷ್ಟೇನೂ ಬರುತ್ತಿರಲಿಲ್ಲ. ನನಗೆ ಹಿಡಿಸಿದ್ದೇ ಅದು. ಅಲ್ಲಿಯವರೆಗೆ ಹಾಡು ಅಂದರೆ ರೇಡಿಯೊದಿಂದ ಬರುವಂಥದ್ದು, ಎಲ್ಲೋ ಇರುವ ದೊಡ್ಡವರು ಮಾಡಿ ಕಳಿಸುವಂಥದ್ದು. ಇದು ನಾಳೆ ಬಸ್ಸಿನಲ್ಲಿ ಸಿಗುವ ಹುಡುಗ ಮಾಡಿದ ಹಾಡು.

ಆಮೇಲೆ ಶೆಡ್ಡಿನ ನಡುವೆ ಒಂದು ಟೇಪ್ ರೆಕಾರ್ಡರ್ ಇಟ್ಟು ಆರು ಹಾಡು ರೆಕಾರ್ಡ್ ಮಾಡಿದರು. ಡ್ರಮ್ಮಿನ ಸದ್ದೇ ಎಲ್ಲವನ್ನೂ ನುಂಗಿದ್ದರಿಂದ ಡ್ರಮ್ಮರನ್ನು ಬಾಗಿಲಾಚೆ ಕೂರಿಸಬೇಕಾಯಿತು. ಮೂವತ್ತು ಕ್ಯಾಸೆಟ್ ಕಾಪಿ ಮಾಡಿದೆವು, ಕವರ್ ಮಡಚುವ ಕೆಲಸ ನನ್ನದು. 1977ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಅನ್ನುವ ಬ್ಯಾಂಡು ಸಾಲದ ದುಡ್ಡಿನಲ್ಲಿ ನಾಲ್ಕು ಹಾಡಿನ ರೆಕಾರ್ಡನ್ನು ತಾನೇ ಹೊರತಂದಿತ್ತು, ಮೊದಲಿಗೆ 1000 ಪ್ರತಿ. ಇದನ್ನು ಎಷ್ಟೋ ವರ್ಷದ ಮೇಲೆ ಓದಿದಾಗ ನಗು ಬಂತು. ನಮ್ಮವರಿಗೆ ಆ ಹೆಸರೂ ಗೊತ್ತಿರಲಿಲ್ಲ.

ಒಂದು ಸಂಜೆ ಹಾಡಿನ ಮಧ್ಯೆ ಗಿಟಾರಿನ ಸದ್ದು ಹೋಗಿ, ಸ್ಪೀಕರಿನಿಂದ ಬರೀ ‘ಗುಂಯ್’ ಅಂತ ಬರತೊಡಗಿತು. ಹತ್ತಿರ ನಿಂತಿದ್ದವಳು ನಾನೇ. ಗಿಟಾರಿನವನು ಕೇಬಲ್ಲಿನ ಜಾಕ್, ಅಂದರೆ ತುದಿಯಲ್ಲಿ ಚುಚ್ಚುವ ಪಿನ್ನು, ಬಿಚ್ಚಿ ನನ್ನ ಕೈಗೆ ಕೊಟ್ಟ. ನಡುವಿನ ತಂತಿ ಜಾಕಿನ ತುದಿಗೆ ಹೋಗುತ್ತದೆ, ಅದರ ಸುತ್ತ ಜಡೆಯಂತೆ ಹೆಣೆದ ತಂತಿ ಜಾಕಿನ ಮೈಗೆ. ಆ ಜಡೆ ಬಿಟ್ಟುಕೊಂಡಿತ್ತು. ಸೋಲ್ಡರ್, ಅಂದರೆ ಬೆಸುಗೆಯ ಲೋಹ, ಕರಗಿಸಿ ಅಂಟಿಸಬೇಕು. ‘ಸೋಲ್ಡರಿಗಲ್ಲ, ತಂತಿಗೆ ಬಿಸಿ ಹಿಡಿ’ ಅಂದ. ಮೊದಲ ಸಲ ಡ್ರೈ ಸೋಲ್ಡರ್ ಆಯಿತು, ಅಂದರೆ ಬೆಸುಗೆ ಸರಿಯಾಗಿ ಹಿಡಿಯಲಿಲ್ಲ, ಎಳೆದರೆ ಕೈಗೇ ಬಂತು. ಎರಡನೇ ಸಲ ಕಚ್ಚಿಕೊಂಡಿತು. ಗುಂಯ್ ನಿಂತಿತು. ಹಾಡು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರುವಾಯಿತು. ಅಮೆರಿಕದ ಬಿಕಿನಿ ಕಿಲ್ ಬ್ಯಾಂಡಿನ ಗಾಯಕಿ ಕ್ಯಾಥ್ಲೀನ್ ಹಾನ್ನಾ ತಮ್ಮ ಶೋಗಳಲ್ಲಿ ಹುಡುಗಿಯರನ್ನು ಮುಂದಕ್ಕೆ ಬನ್ನಿ ಎಂದು ಕರೆಯುತ್ತಿದ್ದರು. ನನ್ನನ್ನು ಮುಂದಕ್ಕೆ ಕರೆದಿದ್ದು ಒಂದು ಸತ್ತ ಕೇಬಲ್.

ಈಗ ನನ್ನ ಹೊಟ್ಟೆಪಾಡು ಅದೇ: ಆಂಪ್ಲಿಫೈಯರ್, ಯುಪಿಎಸ್ ರಿಪೇರಿ. ‘ಮೆಕ್ಯಾನಿಕ್ ಇಲ್ವಾ ಮೇಡಂ?’ ಅಂತ ಈಗಲೂ ಜನ ನನ್ನನ್ನೇ ಕೇಳುತ್ತಾರೆ. ಸುಮ್ನೆ ಬೋರ್ಡ್ ಈಚೆ ತೆಗೆಯುತ್ತೇನೆ. ಬ್ಯಾಂಡು ಎರಡು ವರ್ಷವೂ ಉಳಿಯಲಿಲ್ಲ ಬಿಡಿ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಮಗಳಿಗೆ ಹದಿನಾಲ್ಕು. ಅವಳೂ ಮೂವರು ಗೆಳತಿಯರೂ ಬ್ಯಾಂಡ್ ಕಟ್ಟಿದ್ದಾರೆ. ಬಾರಿಸಲು ನಾವು ಕೇಳಿದ ಜಾಗದವರು ಇಲ್ಲಿ ಮದ್ಯ ಮಾರುತ್ತೇವೆ, ಚಿಕ್ಕವರನ್ನು ಬಿಡಲ್ಲ ಅಂದರು. ಅವರ ಕಷ್ಟ ಅವರಿಗೆ. ಆದರೆ ಇದಕ್ಕೆ ದಾರಿ ಯಾವತ್ತೋ ಸಿಕ್ಕಿದೆ. 1980ರಲ್ಲಿ ವಾಷಿಂಗ್ಟನ್ನಿನ ಟೀನ್ ಐಡಲ್ಸ್ ಬ್ಯಾಂಡಿನ ಹುಡುಗರು ಸ್ಯಾನ್‌ಫ್ರಾನ್ಸಿಸ್ಕೊಗೆ ಬಾರಿಸಲು ಹೋದರು. ಅಲ್ಲಿನ ಕ್ಲಬ್ಬಿನವರು ಇವರು ಚಿಕ್ಕವರು, ಮದ್ಯ ಕೊಡಬಾರದು ಅಂತ ಗುರುತಿಗೆ ಕೈ ಮೇಲೆ ಮಾರ್ಕರಿನಿಂದ ದೊಡ್ಡ ‘ಎಕ್ಸ್’ ಬರೆದರು. ಹುಡುಗರು ಆ ಉಪಾಯವನ್ನೇ ಊರಿಗೆ ತಂದು, ಚಿಕ್ಕವರನ್ನೂ ಒಳಗೆ ಬಿಡುವಂತೆ ಅಲ್ಲಿನ ಕ್ಲಬ್ಬಿನವರನ್ನು ಒಪ್ಪಿಸಿದರು. ಒಂದು ಮಾರ್ಕರ್ ಪೆನ್ ಸಾಕು, ಅಲ್ವಾ? ಅದೂ ಬೇಡವಾದರೆ ಮಧ್ಯಾಹ್ನ ಖಾಲಿ ಬಿದ್ದಿರುವ ಸಭಾಂಗಣಗಳಿವೆ. ಎರಡು ಗಂಟೆ ಕೊಟ್ಟರೆ ಆಯಿತು.

ನಿಮ್ಮಲ್ಲಿ ಕೇಳುವುದು ಇಷ್ಟೇ. ಇಂದಿನ ಕಾರ್ಯಕ್ರಮಗಳ ಪಟ್ಟಿಯಲ್ಲಿ ದೊಡ್ಡ ದೊಡ್ಡ ಹೆಸರೇ ಜಾಸ್ತಿ. ಅದರ ತುದಿಯಲ್ಲಿ ಇಂಥ ಮಕ್ಕಳ ಬ್ಯಾಂಡಿಗೂ ಎರಡು ಸಾಲು ಜಾಗ ಕೊಡಿ. ಯಾವ ವಯಸ್ಸಿನವರೂ ಬರಬಹುದು ಅಂತ ಹಾಕಿ. ಚೆನ್ನಾಗಿ ಬಾರಿಸುತ್ತಾರಾ ಅಂತ ಮಾತ್ರ ಕೇಳಬೇಡಿ. ನಮ್ಮ ಹುಡುಗಿಯರು ಇನ್ನೂ ಅಷ್ಟು ಚೆನ್ನಾಗಿ ಬಾರಿಸಲ್ಲ.

ಅವರ ಪೋಸ್ಟರಿನ ಒಂದು ಜೆರಾಕ್ಸ್ ಜೊತೆಗಿಟ್ಟಿದ್ದೇನೆ. ಅದರಲ್ಲಿರುವ ದೊಡ್ಡ ‘ಕಿ’ ಹೋದ ಭಾನುವಾರದ ನಿಮ್ಮ ಮುಖಪುಟದ್ದು. ಈ ಸಲ ನಾನು ಓದಿ ಮುಗಿಸಿದ ಮೇಲೇ ಕತ್ತರಿಸಿದ್ದಾರೆ.

ಇಂತಿ,
ನಿಮ್ಮ ಹಳೆಯ ಓದುಗರಲ್ಲೊಬ್ಬಳು