ಮುಂಗಾರಿಗೆ ಮುನ್ನ ಆರೈಕೆ ಕೊಠಡಿಗೊಂದು ಸೂರು: ದಾನಿಗಳಲ್ಲಿ ವಿನಂತಿ

ಮಾನ್ಯರೇ,

ಚಿಕ್ಕಮಗಳೂರು ಜಿಲ್ಲೆಯಲ್ಲಿ, ವಾಸಿಯಾಗದ ರೋಗವುಳ್ಳವರ ನೋವು ತಗ್ಗಿಸಿ ನೋಡಿಕೊಳ್ಳುವ ನಮ್ಮ ಉಪಶಾಮಕ ಆರೈಕೆ ಧಾಮವನ್ನು ಮೊದಲ ದಿನದಿಂದ ಕೈಹಿಡಿದು ನಡೆಸಿಕೊಂಡು ಬಂದಿರುವ ತಮಗೆ ಅದರ ಪೂರ್ವೋತ್ತರಗಳನ್ನು ಹೇಳಬೇಕಾಗಿಲ್ಲ. ಕಳೆದ ಆಷಾಢದ ಗಾಳಿಮಳೆಗೆ ಹಿಂಬದಿಯ ಕೊಠಡಿಯ ಪಕಾಸಿಗಳು ಮುರಿದು, ಹೆಂಚುಗಳು ಜಾರಿ, ಎಣ್ಣೆ ನೀವುವ ಮೇಜೂ ಭಜನೆಯ ಹಾರ್ಮೋನಿಯಮ್ಮೂ ನೆನೆದು ಹಾಳಾದವು. ಅಂದಿನಿಂದ ವಾರ್ಡಿನ ಮಂಚಗಳ ನಡುವೆಯೇ ಸೀರೆಯೊಂದನ್ನು ಅಡ್ಡ ಕಟ್ಟಿ ಎಣ್ಣೆ ನೀವುವ, ಭಜನೆ ಹಾಡುವ ಸೇವೆಯನ್ನು ನಡೆಸುತ್ತಿದ್ದೇವೆ. ಒಂದು ದಿನವೂ ನಿಲ್ಲಿಸಿಲ್ಲವೆಂಬ ಹೆಮ್ಮೆ ನಮಗಿದೆ. ಊಟ, ಔಷಧಿ, ಹಾಸಿಗೆಗೆಂದು ಇದುವರೆಗೆ ಯಾವ ಕುಟುಂಬದಿಂದಲೂ ಒಂದು ರೂಪಾಯಿ ಪಡೆದಿಲ್ಲ.

ಈ ಸೇವೆಯಿಂದ ರೋಗ ವಾಸಿಯಾಗುತ್ತದೆಂದು ನಾವು ಎಂದೂ ಹೇಳಿದವರಲ್ಲ. ವೈದ್ಯರು ಬರೆದುಕೊಟ್ಟ ನೋವಿನ ಔಷಧಿ ಮಾರ್ಫಿನ್ ಹೊತ್ತುಹೊತ್ತಿಗೆ ನಡೆಯಲೇಬೇಕು. ಅದರ ಜೊತೆಗೆ ಹಗುರವಾಗಿ ಎಣ್ಣೆ ನೀವುವುದು, ನಿಧಾನವಾಗಿ ಉಸಿರಾಡುವ ಅಭ್ಯಾಸ, ಅವರವರು ಕೇಳಿದ ದೇವರನಾಮ ಅಥವಾ ತತ್ವಪದ, ಇವು ಸ್ವಲ್ಪ ಹೊತ್ತಿನ ಮಟ್ಟಿಗಾದರೂ ಹಲವರ ನೋವನ್ನೂ ಕಳವಳವನ್ನೂ ತಗ್ಗಿಸುತ್ತವೆ. ಮೂಳೆಗೆ ಕ್ಯಾನ್ಸರ್ ಹರಡಿದವರಿಗೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ, ಪ್ಲೇಟ್‌ಲೆಟ್ ಇಳಿದವರಿಗೆ ಒತ್ತಿ ತಿಕ್ಕುವುದು ಅಪಾಯವಾದ್ದರಿಂದ, ಕೇಸ್ ಶೀಟ್ ನೋಡದೆ ನಮ್ಮ ದಾದಿಯರು ಯಾರಿಗೂ ಎಣ್ಣೆ ಹಚ್ಚುವುದಿಲ್ಲ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಎಂಬ ಆರೈಕೆ ಧಾಮ ತೆರೆದ ಸಿಸಿಲಿ ಸಾಂಡರ್ಸ್ ಅವರು, ಕೊನೆಗಾಲದ ನೋವು ದೇಹದ್ದಷ್ಟೇ ಅಲ್ಲ, ಮನಸ್ಸಿನದೂ ಸಂಸಾರದ್ದೂ ಹೌದೆಂದು ತೋರಿಸಿಕೊಟ್ಟರು. ನಾವು ಅದನ್ನು ಇಲ್ಲಿ ದಿನವೂ ಕಾಣುತ್ತೇವೆ.

ಕಾಫಿ ತೋಟದ ಲೈನ್‌ಮನೆಯಿಂದ ಬಂದ ತಾಯಿಯೊಬ್ಬರ ಸ್ತನದ ಹುಣ್ಣಿನ ವಾಸನೆಗೆ ಮನೆಯವರೇ ದೂರ ಕೂರುತ್ತಿದ್ದರು. ಮೆಟ್ರೊನಿಡಜೋಲ್ ಎಂಬ ಔಷಧಿಯ ಪುಡಿ ಹಾಕಿ ವಾಸನೆ ತಗ್ಗಿದ ಮೇಲೆ, ದಾದಿಯೊಬ್ಬರು ಬೆಚ್ಚಗಿನ ಕೊಬ್ಬರಿ ಎಣ್ಣೆಯನ್ನು ಅವರ ಒಡೆದ ಹಿಮ್ಮಡಿಗೆ ಸವರಲು ಹೋದಾಗ, "ಬ್ಯಾಡ ಕಣವ್ವ, ನನ್ನ ಕಾಲು ಮುಟ್ಬ್ಯಾಡ" ಎಂದು ಕಾಲೆಳೆದುಕೊಂಡರು. ಮೂರನೆಯ ದಿನ ತಾವಾಗಿಯೇ ಕಾಲು ಚಾಚಿದರು. ಆದರೆ ಸೀರೆಯ ಆಚೆ ಪಕ್ಕದ ಮಂಚದವರ ನೆಂಟರು ನಿಂತಿರುತ್ತಾರೆಂಬ ಸಂಕೋಚದಿಂದ ಬೆನ್ನಿಗೆ ಮಾತ್ರ ಕೊನೆಯವರೆಗೂ ಎಣ್ಣೆ ಹಚ್ಚಿಸಿಕೊಳ್ಳಲಿಲ್ಲ. ಈ ಕೊರಗು ನಮ್ಮನ್ನು ಇಂದಿಗೂ ಬಿಟ್ಟಿಲ್ಲ.

ಪಕಾಸಿ, ರೀಪು, ಹೆಂಚು, ಕೂಲಿ ಎಲ್ಲ ಸೇರಿ ಸುಮಾರು 4 ಲಕ್ಷ ರೂಪಾಯಿ ಆಗಬಹುದೆಂದು ಮೇಸ್ತ್ರಿಗಳು ಹೇಳಿದ್ದಾರೆ, ಅರ್ಧದಷ್ಟು ಕೂಡಿದೆ. ಜೂನ್ ಮೊದಲ ವಾರ ಮಲೆನಾಡಿನಲ್ಲಿ ಮಳೆ ಹಿಡಿದರೆ ಮಾಡು ಹತ್ತುವುದು ಸಾಧ್ಯವಾಗದು. ಆದ್ದರಿಂದ ಮೇ 15ರೊಳಗೆ ತಮ್ಮ ಕೈಲಾದ ದೇಣಿಗೆಯನ್ನು ಹಣವಾಗಲಿ, ಮರವಾಗಲಿ, ಹೆಂಚಾಗಲಿ ಧಾಮದ ಕಚೇರಿಗೆ ತಲುಪಿಸಿ ರಸೀದಿ ಪಡೆಯಬೇಕಾಗಿ ಪ್ರಾರ್ಥಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಧರ್ಮದರ್ಶಿ ಮಂಡಳಿ