ಡಾಕ್ಟರ್ ಹೂ ಲೋಕದಲ್ಲಿ ರೇಡಿಯೊ 4 ಇದೆ, ನಮ್ಮ ಕಥೆಗಳಲ್ಲಿ ಆಕಾಶವಾಣಿ ಎಲ್ಲಿ?

ಸಂಪಾದಕರಿಗೆ ನಮಸ್ಕಾರ.

ವೈಜ್ಞಾನಿಕ ಕಥೆ, ಸಿನಿಮಾ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಏನೇ ಬಂದರೂ ಬಿಡದೆ ಓದುವವನು ನಾನು. ಆದರೆ ಅಲ್ಲಿ ಯಾವಾಗಲೂ ಗ್ರಾಫಿಕ್ಸ್ ಮಾತು, ಬಜೆಟ್ ಮಾತು. ಇಷ್ಟು ಕೋಟಿ ಸುರಿದರೆ ಇಂಥ ಲೋಕ ಕಟ್ಟಬಹುದು, ನಮ್ಮಲ್ಲಿ ಅಷ್ಟು ದುಡ್ಡಿಲ್ಲ, ಅಲ್ಲಿಗೆ ಮುಗಿಯಿತು. ರೇಡಿಯೊ ಅನ್ನುವ ಪದ ಒಮ್ಮೆಯೂ ಕಣ್ಣಿಗೆ ಬೀಳುವುದಿಲ್ಲ. ಅದು ನನಗೆ ಸರಿ ಕಾಣಲಿಲ್ಲ, ಅದಕ್ಕೇ ಈ ಪತ್ರ.

ಬ್ರಿಟನ್ನಿನ ಡಾಕ್ಟರ್ ಹೂ ಸರಣಿ ಗೊತ್ತಿರುವವರು ನಿಮ್ಮ ಓದುಗರಲ್ಲೂ ಇದ್ದಾರೆ. 1963ರ ನವೆಂಬರ್ 23ರಂದು ಬಿಬಿಸಿ ಟಿ.ವಿ.ಯಲ್ಲಿ ಶುರುವಾದದ್ದು. ಬೇರೆ ಗ್ರಹದಿಂದ ಬಂದ ಡಾಕ್ಟರ್ ಎಂಬಾತ ನೀಲಿ ಪೊಲೀಸ್ ಪೆಟ್ಟಿಗೆಯಂತೆ ಕಾಣುವ ಟಾರ್ಡಿಸ್ ಹತ್ತಿ ಕಾಲದಲ್ಲಿ ಹಿಂದೆ ಮುಂದೆ ಓಡಾಡುತ್ತಾನೆ. ಇದನ್ನೆಲ್ಲ ಟಿ.ವಿ.ಯ ಸಾಧನೆ ಅಂತಲೇ ಹೇಳುತ್ತಾರೆ. ಆದರೆ ಈ ಲೋಕ ನಿಂತಿರುವುದು ಬಹುಮಟ್ಟಿಗೆ ರೇಡಿಯೊ ಮೇಲೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸದ್ದಿನಿಂದಲೇ ನೋಡಿ. ಬಿಬಿಸಿ 1958ರಲ್ಲಿ ರೇಡಿಯೊಫೋನಿಕ್ ವರ್ಕ್‌ಶಾಪ್ ಅಂತ ಒಂದು ವಿಭಾಗ ತೆರೆಯಿತು. ರೇಡಿಯೊ ನಾಟಕಗಳಿಗೆ ಹೊಸ ಬಗೆಯ ಸದ್ದು ಬೇಕು ಅನ್ನುವ ಒತ್ತಾಯದಿಂದ ಹುಟ್ಟಿದ ವಿಭಾಗ ಅದು. ರಾನ್ ಗ್ರೇನರ್ ಬರೆದ ಡಾಕ್ಟರ್ ಹೂ ಶೀರ್ಷಿಕೆ ಸಂಗೀತವನ್ನು ಟೇಪಿನ ತುಂಡುಗಳನ್ನು ಕತ್ತರಿಸಿ ಅಂಟಿಸಿ ಕೇಳುವಂತೆ ಮಾಡಿದ ಡೀಲಿಯಾ ಡರ್ಬಿಶೈರ್ ಅಲ್ಲಿನವರು. ಟಾರ್ಡಿಸ್ ಹೊರಡುವಾಗ ಬರುವ ಆ ಏದುಸಿರಿನಂಥ ಸದ್ದು ಇದೆಯಲ್ಲ, ಅದನ್ನು ಬ್ರಯಾನ್ ಹಾಜ್ಸನ್ ಮನೆಯ ಕೀಲಿಯಿಂದ ಹಳೇ ಪಿಯಾನೊ ತಂತಿ ಉಜ್ಜಿ ಮಾಡಿದರು. ಒಂದು ಕೀಲಿ, ಒಂದು ತಂತಿ. ದುಡ್ಡಿಲ್ಲ ಅನ್ನುವವರು ಇದನ್ನು ದಯವಿಟ್ಟು ಗಮನಿಸಬೇಕು.

ಇನ್ನು ಕಥೆಯ ಒಳಗೆ. 1966ರಲ್ಲಿ ಬಂದ ಒಂದು ಕಥೆಯಲ್ಲಿ, ಲಂಡನ್ನಿನಲ್ಲಿ ಆಗಷ್ಟೇ ತಲೆಯೆತ್ತಿದ್ದ ಪೋಸ್ಟ್ ಆಫೀಸ್ ಟವರಿನಲ್ಲಿ ಕೂತ ಕಂಪ್ಯೂಟರೊಂದು ಜನರ ಬುದ್ಧಿಯನ್ನೇ ವಶ ಮಾಡಿಕೊಂಡು ಯುದ್ಧಯಂತ್ರಗಳನ್ನು ಬೀದಿಗೆ ಬಿಡುತ್ತದೆ. ಯಾವುದೋ ದೂರದ ಗ್ರಹ ಅಲ್ಲ, ನೋಡುವವರ ಊರೇ. ಆ ಸುದ್ದಿಯನ್ನು ಕಥೆಯೊಳಗಿನ ಜನರಿಗೆ ತಿಳಿಸುವುದು ಯಾರು? ಕೆನೆತ್ ಕೆಂಡಲ್, ನಿಜವಾದ ಟಿ.ವಿ. ವಾರ್ತಾ ವಾಚಕ. ಉದ್ಘೋಷಕನ ಪಾತ್ರ ಡ್ವೈಟ್ ವೈಲಿ ಅವರದು. ಜಮೈಕಾದಿಂದ ಬಂದ ಇವರು ಬಿಬಿಸಿ ರೇಡಿಯೊದ ಮೊದಲ ಕಪ್ಪು ವರ್ಣದ ಉದ್ಘೋಷಕ. ದಿನಾ ಮನೆಗೆ ಬರುವ ದನಿ ಬಂದು ಯಂತ್ರಗಳು ನಿಮ್ಮ ಊರಿಗೆ ನುಗ್ಗಿವೆ ಅಂದರೆ ರಟ್ಟು, ತಗಡಿನ ಯಂತ್ರವೂ ನಿಜವಾಗುತ್ತದೆ. ಇದೇ ನಾನು ಹೇಳಬೇಕು ಅಂದುಕೊಂಡಿರುವ ಮಾತು. ಕಲ್ಪನೆಯ ಲೋಕಕ್ಕೆ ತೂಕ ಕೊಡುವುದು ಜನ ಆಗಲೇ ನಂಬಿರುವ ಒಂದು ದನಿ.

ಬಿಬಿಸಿಯ ಬಾನುಲಿ ಕೇಂದ್ರ ರೇಡಿಯೊ 4 ಶುರುವಾದದ್ದು 1967ರ ಸೆಪ್ಟೆಂಬರ್ 30ರಂದು, ಅದರ ಹಳೇ ಕೇಂದ್ರ ಹೋಮ್ ಸರ್ವೀಸ್ ಜಾಗದಲ್ಲಿ. ಸುದ್ದಿ, ನಾಟಕ, ಹಡಗುಗಳಿಗೆ ಹವಾಮಾನ ವರದಿ, ಸಮಯ ತಿಳಿಸಲು ಗಂಟೆಗೆ ಸರಿಯಾಗಿ ಬೀಳುವ ಆರು ಚಿಕ್ಕ ಬೀಪ್ ಸದ್ದು, ಅಂದರೆ ಪಿಪ್‌ಗಳು. ಅಲ್ಲಿನವರಿಗೆ ಇದು ಎಷ್ಟು ದೊಡ್ಡದು ಅಂದರೆ, ಇತಿಹಾಸಕಾರ ಪೀಟರ್ ಹೆನೆಸಿ ಒಂದು ವಿಷಯ ಬರೆದಿದ್ದಾರೆ: ಅಣುಬಾಂಬಿನ ಕ್ಷಿಪಣಿ ಹೊತ್ತ ಬ್ರಿಟಿಷ್ ಸಬ್‌ಮರೀನಿಗೆ ದೇಶದ ಸಂಪರ್ಕ ಕಡಿದುಹೋದರೆ, ದೇಶ ಇನ್ನೂ ಉಳಿದಿದೆಯೋ ಇಲ್ಲವೋ ಅಂತ ನೋಡಲು ಕಮಾಂಡರ್ ಮಾಡಬೇಕಾದ ಪರೀಕ್ಷೆಗಳಲ್ಲಿ ರೇಡಿಯೊ 4 ಕೇಳಿಸುತ್ತಿದೆಯೇ ಅನ್ನುವುದೂ ಒಂದು. ಇದು ಕಥೆಯಲ್ಲ, ನಿಜ. ಆದರೆ ಇದಕ್ಕಿಂತ ಒಳ್ಳೆಯ ವೈಜ್ಞಾನಿಕ ಕಥೆಯ ಬೀಜ ಇನ್ನೊಂದು ಬೇಕಾ?

1976ರ ಅಕ್ಟೋಬರ್ 4ರಂದು ರೇಡಿಯೊ 4ರ ಶಾಲಾ ಪ್ರಸಾರದಲ್ಲಿ, ಭೂಗೋಳದ ಪಾಠದ ಕಾರ್ಯಕ್ರಮದಲ್ಲಿ, ಡಾಕ್ಟರ್ ಬಂದ. ಟಾಮ್ ಬೇಕರ್ ಮತ್ತು ಎಲಿಸಬೆತ್ ಸ್ಲೇಡನ್ ಟಿ.ವಿ.ಯಲ್ಲಿ ಮಾಡುತ್ತಿದ್ದ ಪಾತ್ರಗಳಲ್ಲೇ ಬಂದು ಭೂಮಿ ಹುಟ್ಟಿ ಬೆಳೆದ ಕಥೆಯನ್ನು ಮಕ್ಕಳ ಮುಂದೆ ನಡೆಸಿಕೊಟ್ಟರು. ಪಾಠವೇ ಸಾಹಸ. ನಮ್ಮ ಆಕಾಶವಾಣಿಯ ಶಾಲಾ ಪ್ರಸಾರ ಕೇಳಿ ಬೆಳೆದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. 1985ರಲ್ಲಿ ಟಿ.ವಿ. ಸರಣಿಯನ್ನು ಬಿಬಿಸಿ ತಡೆಹಿಡಿದಿದ್ದಾಗ ಮತ್ತೆ ರೇಡಿಯೊ 4ರಲ್ಲೇ ಹತ್ತತ್ತು ನಿಮಿಷದ ಆರು ಕಂತುಗಳ ಹೊಸ ಕಥೆ ಬಂತು, ಆಗಿನ ಡಾಕ್ಟರ್ ಕಾಲಿನ್ ಬೇಕರ್ ದನಿಯಲ್ಲಿ. ಟಿ.ವಿ. ಬಾಗಿಲು ಹಾಕಿಕೊಂಡಾಗ ರೇಡಿಯೊ ತೆರೆಯಿತು.

ನನಗೆ ಇನ್ನೂ ಇಷ್ಟವಾದದ್ದು 1994ರದ್ದು. ಡಾಕ್ಟರ್‌ನ ಮೊಮ್ಮಗಳು ಸೂಸನ್ 1964ರ ಕೊನೆಯಲ್ಲಿ ಸರಣಿ ಬಿಟ್ಟು ಹೋದಳು. ಮೂವತ್ತು ವರ್ಷ ಆದಮೇಲೆ ರೇಡಿಯೊ 4 ಅವಳ ಬಗ್ಗೆ ಒಂದು ಕಾರ್ಯಕ್ರಮ ಮಾಡಿತು, ಅವಳು ನಿಜವಾಗಿ ಬದುಕಿದ್ದವಳು, ಈಗ ಏನಾದಳು ನೋಡೋಣ ಅನ್ನುವ ಸಾಕ್ಷ್ಯಚಿತ್ರದ ಧಾಟಿಯಲ್ಲಿ. ಜೇನ್ ಆಶರ್ ಸೂಸನ್ ಆಗಿದ್ದರು. ಅದು ತಮಾಷೆಯ ನಾಟಕವೇ, ಆದರೂ ಇಲ್ಲಿ ಆದದ್ದು ದೊಡ್ಡದು. ರೇಡಿಯೊ ಕಥೆಯನ್ನು ಪ್ರಸಾರ ಮಾಡುತ್ತಿಲ್ಲ, ಕಥೆಯ ಒಳಗಿನ ರೇಡಿಯೊ ಆಗಿಬಿಟ್ಟಿದೆ.

2008ರ ಸೆಪ್ಟೆಂಬರ್ 10 ನೆನಪಿದೆಯಾ? ಜಿನೀವಾ ಹತ್ತಿರದ ಭೌತವಿಜ್ಞಾನ ಸಂಶೋಧನಾ ಕೇಂದ್ರ ಸರ್ನ್‌ನಲ್ಲಿ ಕಣಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸುವ ಆ ದೊಡ್ಡ ಯಂತ್ರ, ಕೊಲೈಡರ್, ಚಾಲೂ ಆದ ದಿನ. ನಮ್ಮ ದೇಶದ ಟಿ.ವಿ. ಚಾನೆಲ್‌ಗಳಲ್ಲಿ ಕಪ್ಪುರಂಧ್ರ ಭೂಮಿಯನ್ನು ನುಂಗುತ್ತದೆ, ಪ್ರಳಯ ಆಗುತ್ತದೆ ಅಂತ ಗಲಾಟೆ. ಮಕ್ಕಳು ಹೆದರಿದ್ದರು, ಸುಮ್ನೆ ಹೆದರಿಸಿದರು. ಅದೇ ದಿನ ರೇಡಿಯೊ 4 ಏನು ಮಾಡಿತು ಗೊತ್ತಾ? ಸರ್ನ್‌ನಿಂದಲೇ ನೇರ ಪ್ರಸಾರ, ವಿಜ್ಞಾನಿಗಳ ಮಾತು, ಮತ್ತು ಮಧ್ಯಾಹ್ನ ಒಂದು ನಾಟಕ. ಡಾಕ್ಟರ್ ಹೂ ಲೋಕದಿಂದಲೇ ಕವಲೊಡೆದ, ಅನ್ಯಗ್ರಹಗಳ ಅಪಾಯ ಎದುರಿಸುವ ಗುಪ್ತ ಸಂಸ್ಥೆಯ ಕಥೆಯಾದ ಟಾರ್ಚ್‌ವುಡ್ ಸರಣಿಯ ತಂಡ ಅದೇ ಸರ್ನ್‌ಗೆ, ಅದೇ ಕೊಲೈಡರ್ ಶುರುವಾಗುವ ಹೊತ್ತಿಗೆ ಬರುವ ಕಥೆ. ಟಿ.ವಿ. ಸರಣಿಯಲ್ಲಿ ಇಬ್ಬರು ಗೆಳೆಯರನ್ನು ಕಳೆದುಕೊಂಡ ದುಃಖದಲ್ಲೇ ಆ ತಂಡ ಇದೆ, ಅಲ್ಲಿ ಜನ ಕಾಣೆಯಾಗುತ್ತಿದ್ದಾರೆ, ಡಾಕ್ಟರ್‌ನ ಹಳೇ ಜೊತೆಗಾತಿ ಮಾರ್ತಾ ಸಹಾಯಕ್ಕೆ ಕರೆದಿದ್ದಾಳೆ. ಬೆಳಿಗ್ಗೆ ನಿಜವಾದ ಸರ್ನ್, ಮಧ್ಯಾಹ್ನ ಕಥೆಯ ಸರ್ನ್, ಒಂದೇ ಕೇಂದ್ರದಲ್ಲಿ. ಗೊಂದಲಕ್ಕೆ ಜಾಗವೇ ಇರಲಿಲ್ಲ, ಯಾಕೆಂದರೆ ಬೆಳಿಗ್ಗೆ ನಿಜವನ್ನು ಪೂರ್ತಿ ಹೇಳಿದ್ದರು. ಭಯವನ್ನು ವಾರ್ತೆಯೊಳಗೆ ತುರುಕದೆ ನಾಟಕಕ್ಕೆ ಬಿಟ್ಟುಕೊಟ್ಟರು. ನಮ್ಮ ಚಾನೆಲ್‌ಗಳು ಮಾಡಿದ್ದು ಇದರ ತಲೆಕೆಳಗು.

ಮರುವರ್ಷ, 2009ರ ಜುಲೈನಲ್ಲಿ, ಅದೇ ಟಾರ್ಚ್‌ವುಡ್‌ನ ಇನ್ನೊಂದು ರೇಡಿಯೊ 4 ನಾಟಕ ನಮ್ಮ ದೆಹಲಿಯಲ್ಲೇ ನಡೆಯಿತು. 1924ರಲ್ಲೇ ಮುಚ್ಚಿಸಿದ್ದ, ಆ ಸಂಸ್ಥೆಯ ಭಾರತದ ಶಾಖೆ ಟಾರ್ಚ್‌ವುಡ್ ಇಂಡಿಯಾ ಒಂದು ಬಂಗಲೆಯಲ್ಲಿ ಇನ್ನೂ ಹಾಗೇ ಇದೆ. ಒಳಗಿರುವ ಇಂಗ್ಲಿಷರಿಗೆ ವಯಸ್ಸೇ ಆಗಿಲ್ಲ, ಅವರಿಗೆ ಸಾಮ್ರಾಜ್ಯ ಮುಗಿಯುವುದೇ ಬೇಕಿಲ್ಲ. ಅದಕ್ಕಾಗಿ ಹೊರಗಿನ ದೆಹಲಿಯ ಜನ ಕಾಣೆಯಾಗುತ್ತಾರೆ. ಒಳ್ಳೆಯ ಕಲ್ಪನೆ, ಒಪ್ಪುತ್ತೇನೆ. ಆದರೆ ಇದು ನಮ್ಮವರು ಬರೆಯಬೇಕಾದ ಕಥೆ. ನಮ್ಮವರು ಬರೆದಿದ್ದರೆ ಆ ಬಂಗಲೆಯ ಗೋಡೆ ದಾಟಿ ಮೊದಲು ಒಳಗೆ ಬರುತ್ತಿದ್ದದ್ದು ಪಕ್ಕದ ಅಂಗಡಿಯ ರೇಡಿಯೊದಿಂದ ಆಕಾಶವಾಣಿಯ ಬೆಳಗಿನ ವಾರ್ತೆ. ಒಂದೇ ಒಂದು ವಾರ್ತಾ ಪ್ರಸಾರ ಸಾಕು, ಇದು ಯಾವ ದೇಶ, ಯಾವ ವರ್ಷ, ಯಾರ ಆಡಳಿತ ಅಂತ ಒಳಗಿದ್ದವರಿಗೆ ತಿಳಿಯುತ್ತಿತ್ತು. ಅವರ ಸಮಯ ಅಲ್ಲೇ ಒಡೆದುಹೋಗುತ್ತಿತ್ತು.

ಆ ದನಿ ನಮ್ಮ ಹತ್ತಿರ ಇಲ್ವಾ? ಇದೆ. ಮೈಸೂರಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು. ಅದು ಕೂಡ ಆ ಕಾಲಕ್ಕೆ ವೈಜ್ಞಾನಿಕ ಕಥೆಯಂಥದ್ದೇ ಸಾಹಸ. ಧಾರವಾಡ ನಿಲಯ 1950ರಿಂದ ಇದೆ, ಆಮೇಲೆ ಬೆಂಗಳೂರು, ಭದ್ರಾವತಿ, ಕಲಬುರಗಿ, ಮಂಗಳೂರು. ಬೆಳಿಗ್ಗೆ ಬರುವ ಆ ಸಿಗ್ನೇಚರ್ ಟ್ಯೂನ್, ಪ್ರದೇಶ ಸಮಾಚಾರ, ಕೃಷಿರಂಗ, ಸಂಸ್ಕೃತ ವಾರ್ತೆಯ ಮೊದಲ ಸಾಲು, ಇವು ಮೂರು ತಲೆಮಾರಿನ ಕಿವಿಯಲ್ಲಿವೆ. ಆದರೂ ಚಾಮುಂಡಿ ಬೆಟ್ಟದ ಮೇಲೆ ಅನ್ಯಗ್ರಹದ ನೌಕೆ ಇಳಿದರೆ ನಮ್ಮ ಕಥೆಗಾರರು ತೋರಿಸುವುದು ಹೆಸರಿಲ್ಲದ ಟಿ.ವಿ. ಚಾನೆಲ್ಲಿನ ಬ್ರೇಕಿಂಗ್ ನ್ಯೂಸ್. ಫೋನ್ ಸತ್ತು, ಕರೆಂಟ್ ಹೋಗಿ, ಅಜ್ಜನ ಟ್ರಾನ್ಸಿಸ್ಟರಿನಲ್ಲಿ ಭದ್ರಾವತಿ ನಿಲಯ ಮಾತ್ರ ಕೇಳಿಸುತ್ತಿದ್ದರೆ? ಅಥವಾ ಆರೂವರೆಗೆ ಬರಬೇಕಾದ ದನಿ ಬರದೇ ಇದ್ದರೆ? ಹೀಗೆ ಶುರುವಾಗುವ ಕಥೆಯನ್ನು ನಾನಂತೂ ಕೆಳಗಿಡುವುದಿಲ್ಲ.

ಇದಕ್ಕೆ ಜಾಸ್ತಿ ಸಮಯವೂ ಇಲ್ಲ. ದೇಶದ ಮೀಡಿಯಂ ವೇವ್ ಪ್ರಸಾರಕಗಳು ಒಂದೊಂದಾಗಿ ನಿಲ್ಲುತ್ತಿವೆ, ರೇಡಿಯೊ 4ರ ಲಾಂಗ್ ವೇವ್ ಪ್ರಸಾರಕ್ಕೂ ಕೊನೆಗಾಲ ಬಂದಿದೆ. ಆ ದನಿಯನ್ನು ದಿನಾ ಕೇಳಿದವರು ಇರುವಾಗಲೇ ಅದು ಕಥೆಗಳಿಗೆ ಸೇರಬೇಕು. ಮುಂದೆ ಅದು ಬರೀ ವಸ್ತು ಸಂಗ್ರಹಾಲಯದ ಸಾಮಾನು ಆಗುತ್ತದೆ.

ಸಂಪಾದಕರೆ, ನನ್ನ ಕೋರಿಕೆ ಎರಡೇ. ನಿಮ್ಮ ವಿಶೇಷಾಂಕಕ್ಕೆ ಕಥಾಸ್ಪರ್ಧೆ ಕರೆದಾಗ ಒಂದು ಸಲ ವೈಜ್ಞಾನಿಕ ರೇಡಿಯೊ ನಾಟಕಕ್ಕೂ ಜಾಗ ಕೊಡಿ, ಅರ್ಧ ಗಂಟೆಯದ್ದು, ಬರೀ ಕಿವಿಗೆ ಬರೆದದ್ದು. ಆಕಾಶವಾಣಿಯ ಕನ್ನಡ ನಿಲಯಗಳವರು ಈ ಪತ್ರ ಓದಿದರೆ, ಬರುವ ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ಬೆಳಿಗ್ಗೆ ನಮ್ಮ ವಿಜ್ಞಾನಿಗಳ ಮಾತು, ರಾತ್ರಿ ಅಂಥ ಒಂದು ನಾಟಕ ಇಟ್ಟುಕೊಳ್ಳಲಿ. ನಾಟಕದೊಳಗಿನ ವಾರ್ತೆಯನ್ನು ನಟರಿಂದ ಓದಿಸಬೇಡಿ. ನಿಮ್ಮ ವಾರ್ತಾ ವಾಚಕರೇ ಓದಲಿ.

— ಒಬ್ಬ ರೇಡಿಯೊ ಕೇಳುಗ, ಮೈಸೂರು