ಮಾತು ಹೋದ್ರೂ ಪದ ಹೋಗಿರಲ್ಲ

ಮಾನ್ಯ ಸಂಪಾದಕರೇ,

ನಮ್ಮ ಮಾವನವರು ಮುಂಬೈಯ ಮಾಟುಂಗಾದ ಹೋಟೆಲೊಂದ್ರಲ್ಲಿ 35 ವರ್ಷ ಗಲ್ಲಾದಲ್ಲಿ ಕೂತವರು, ಊರು ಕುಂದಾಪುರದ ಕಡೆ, ತುಳು ಹಿಂದಿ ಮರಾಠಿ ಎಲ್ಲಾ ಬರ್ತಿತ್ತು, ಗಿರಾಕಿ ಗುಜರಾತಿ ಆದ್ರೆ ಗುಜರಾತಿನೂ ಸೈ. ಕಳೆದ ವರ್ಷ ಸ್ಟ್ರೋಕ್ ಆಗಿ ಬಲಗೈ ಬಿತ್ತು, ಮಾತೂ ಹೋಯ್ತು. ಏನ್ ಕೇಳಿದ್ರೂ "ಅದೇ ಅದೇ" ಅಷ್ಟೇ. ನಾವು ಹೇಳೋದು ಅರ್ಥ ಆಗ್ತಿತ್ತು, ಆದ್ರೂ ಬಿಲ್ಡಿಂಗ್‌ನೋರು ಕಿವಿ ಕೇಳಲ್ವೇನೋ ಅಂತ ಕಿರುಚಿ ಮಾತಾಡ್ಸೋರು, ಕೆಲವರು ತಲೆನೇ ಕೆಟ್ಟಿದೆ ಅಂದ್ಕೊಂಡ್ರು.

ಒಂದು ಶನಿವಾರ ಪಕ್ಕದ ಮನೆ ಭಜನೆಗೆ ವೀಲ್‌ಚೇರಲ್ಲಿ ಕರ್ಕೊಂಡ್ ಹೋದ್ವಿ. ದಾಸರ ಪದ ಶುರುವಾಯ್ತು ನೋಡಿ, ಎರಡನೇ ಸಾಲಿಗೆ ಮಾವ ದನಿಗೂಡಿಸಿದ್ರು, ಒಂದಕ್ಷರ ತಪ್ಪದೆ! ಅತ್ತೆ ತಾಳ ಹಾಕೋದು ಬಿಟ್ಟು ಸುಮ್ನೆ ಕೂತುಬಿಟ್ರು. ಪದ ಮುಗೀತು, ನೀರು ಬೇಕಾ ಅಂದ್ರೆ ಮತ್ತೆ "ಅದೇ ಅದೇ".

ಇದು ಪವಾಡ ಅಲ್ವಂತೆ. ಮೆದುಳಿಗೆ ಪೆಟ್ಟಾಗಿ ಮಾತು ಹೋಗೋ ಈ ಕಾಯಿಲೆಗೆ ಅಫೇಸಿಯಾ ಅಂತಾರೆ. 1861ರಲ್ಲಿ ಪ್ಯಾರಿಸ್‌ನ ಡಾಕ್ಟರ್ ಬ್ರೋಕಾ ಹತ್ರ ಬಂದ ರೋಗಿ ಬಾಯಲ್ಲಿ "ಟ್ಯಾನ್" ಒಂದೇ ಬರ್ತಿತ್ತು, ಅವನು ಸತ್ತ ಮೇಲೆ ನೋಡಿದ್ರೆ ಮೆದುಳಿನ ಎಡಭಾಗಕ್ಕೆ ಪೆಟ್ಟಾಗಿತ್ತು. ಹೆಚ್ಚಿನವರಲ್ಲಿ ಮಾತಿನ ಕೆಲಸ ಎಡಗಡೆ, ಹಾಡಿಗೆ ಬಲಗಡೆನೂ ಕೈಜೋಡ್ಸುತ್ತೆ. ಇದನ್ನೇ ಹಿಡ್ಕೊಂಡು 1973ರಲ್ಲಿ ಬಾಸ್ಟನ್‌ನವರು ಮೆಲೋಡಿಕ್ ಇಂಟೋನೇಷನ್ ಥೆರಪಿ ಅಂತ ಒಂದು ಪದ್ಧತಿ ಬರೆದಿಟ್ರು. 2011ರಲ್ಲಿ ತಲೆಗೆ ಗುಂಡೇಟು ಬಿದ್ದ ಅಮೆರಿಕದ ಸಂಸದೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಅವರ ಚಿಕಿತ್ಸೇಲೂ ಸಂಗೀತ ಇತ್ತು. ಕೆಲಸ ಮಾಡೋದು ರಾಗನಾ ಲಯನಾ ಅಂತ ತಜ್ಞರು ಇನ್ನೂ ಜಗಳ ಆಡ್ತಾರೆ, ಆಡ್ಲಿ ಬಿಡಿ.

ನಾವು ಮಾಡಿದ ತಪ್ಪು ಹೇಳ್ತೀನಿ. ಭಜನೆ ದಿನದಿಂದ ಮೊಬೈಲಲ್ಲಿ ದಿನವಿಡೀ ಹಾಡು ಹಾಕಿಟ್ವಿ, ಅದೇ ಥೆರಪಿ ಅಂದ್ಕೊಂಡು. ಮನಸ್ಸಿಗೆ ಹಿತ ಆಯ್ತೇನೋ, ಮಾತು ಬರ್ಲಿಲ್ಲ. ಹಾಡು ಬಾಯಿಪಾಠ, ಮಾತು ಅಲ್ಲ. ಪದ್ಧತಿ ಏನಂದ್ರೆ ದಿನಬಳಕೆ ಮಾತನ್ನೇ ರಾಗ ಮಾಡೋದು. "ನೀರ್ ಬೇಕ್" ಅನ್ನೋದನ್ನ ಬರೀ ಎರಡು ಸ್ವರದಲ್ಲಿ, ಒತ್ತು ಬೀಳೋ ಕಡೆ ಏರಿಸಿ, ನಿಧಾನಕ್ಕೆ ಗುನುಗೋದು, ಒಂದೊಂದು ಅಕ್ಷರಕ್ಕೂ ರೋಗಿಯ ಎಡಗೈ ಹಿಡಿದು ಮೇಜಿನ ಮೇಲೆ ತಟ್ಟಿಸೋದು, ಮೊದ್ಲು ಜೊತೇಲಿ ಹೇಳೋದು, ನಡುವೆ ನಾವು ದನಿ ಬಿಡೋದು, ಆಮೇಲೆ ಅವರೊಬ್ರೇ, ಕೊನೆಗೆ ರಾಗ ಇಳಿಸ್ತಾ ಇಳಿಸ್ತಾ ಬರೀ ಮಾತಿಗೆ ತರೋದು. ಮಾತು ತಡೆದಿರೋರಿಗೆ, ಕೇಳಿದ್ದು ಅರ್ಥ ಆಗೋರಿಗೆ ಇದು ಹೊಂದುತ್ತೆ, ಸರಾಗವಾಗಿ ಏನೇನೋ ಮಾತಾಡಿ ನಾವಂದಿದ್ದು ತಿಳೀದೇ ಇರೋರಿಗೆ ಅಷ್ಟು ಅಲ್ಲ.

ನನ್ನ ತಕರಾರು ಬೇರೇನೇ ಇದೆ. ನಾವು ಹೋಗ್ತಿದ್ದ ಕಡೆ ಥೆರಪಿಸ್ಟ್ ಹುಡುಗಿ ಬಂಗಾರದಂಥವಳು, ಆದ್ರೆ ಹೇಳಿಕೊಡೋದೆಲ್ಲ ಮರಾಠಿಯಲ್ಲಿ, "ನೀರ್ ಬೇಕ್" ಅನ್ನೋಕೆ "ಪಾಣಿ ಪಾಹಿಜೆ". ಮಾವ ಮರಾಠಿಯಲ್ಲಿ ಗಿರಾಕಿ ಹತ್ರ ಚಿಲ್ಲರೆ ಕೇಳಿದ್ದಾರೆ, ಬಾಯಾರಿದಾಗ ನೀರು ಕೇಳಿದ್ದು ಮನೆ ಭಾಷೆ ಕನ್ನಡದಲ್ಲಿ ಅಲ್ವಾ? ಬಾಂದ್ರಾದಲ್ಲಿ ಮಾತು, ಕಿವಿ ತೊಂದರೆ ನೋಡೋ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ, ಮೈಸೂರಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆ ಇದೆ, ಇಲ್ಲಿ ಊರಿಗೊಂದು ಕನ್ನಡ ಸಂಘ ಇದೆ. ಸಂಘದೋರೇ, ನಾಟಕ, ಸನ್ಮಾನ ಎಲ್ಲ ಮಾಡ್ತೀರಿ, ಬೇಡ ಅನ್ನಲ್ಲ. ಮೈಸೂರಿಂದ ಒಬ್ಬರು ಥೆರಪಿಸ್ಟ್‌ನ ಕರೆಸಿ ಎರಡು ದಿನ ಕ್ಯಾಂಪ್ ಇಡಿ, ಭಜನಾ ಮಂಡಳಿಯ ಹೆಂಗಸರಿಗೆ, ರೋಗಿ ಮನೆಯೋರಿಗೆ ಕನ್ನಡದ ಮಾತನ್ನ ಹೀಗೆ ತಟ್ಟಿಸಿ ಹೇಳ್ಸೋದು ಕಲಿಸಿ. ತಾಳ ನಮ್ಮೋರಿಗೆ ಹೊಸದಾ?

ಥೆರಪಿಸ್ಟ್ ತೋರಿಸಿದ್ದನ್ನೇ ಅತ್ತೆ ಈಗ ಮನೇಲಿ ಕನ್ನಡದಲ್ಲಿ ಮಾಡಿಸ್ತಾರೆ. ನಾಲ್ಕು ತಿಂಗಳಿಗೆ "ನೀರ್ ಬೇಕ್", "ಚಾ ಬೇಕ್" ಬಂದಿದೆ. "ಸಕ್ರೆ ಬ್ಯಾಡ" ಇನ್ನೂ ಬಂದಿಲ್ಲ, ಅತ್ತೆ ಮರೆತು ಹಾಕಿದ್ರೆ ಕಪ್ಪನ್ನ ಎಡಗೈಲಿ ದೂರ ತಳ್ತಾರೆ.

ಇತಿ,
ಓದುಗಳು, ಡೊಂಬಿವಲಿ